ಕಿಟೆಲ್ ಕೊನೆಗಾಲ ಕಳೆದ ಊರಿನಲ್ಲಿ ವಿದ್ಯಾರ್ಥಿಯ ಒಂದು ವಾರ

ಜೂನ್ ತಿಂಗಳಲ್ಲಿ ಟ್ಯೂಬಿಂಗೆನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಯ ಹೊತ್ತಿಗೆ. ಸಂಜೆ ಐದಕ್ಕೆ ಕ್ಲಾಸು ಮುಗಿದರೂ ಇನ್ನೂ ನಾಲ್ಕು ಗಂಟೆಗೂ ಹೆಚ್ಚು ಬೆಳಕು ಉಳಿದಿರುತ್ತದೆ. ಜರ್ಮನಿಯ ಈ ಸಣ್ಣ ಊರಿಗೆ ಓದಲು ಹೋಗುವ ನಮ್ಮ ಹುಡುಗ ಹುಡುಗಿಯರು ಊರು ನೋಡುವುದೆಲ್ಲ ಆ ಬೆಳಕಿನಲ್ಲೇ. ಪ್ರವಾಸಿಗರು ಸ್ಟುಟ್‌ಗಾರ್ಟ್‌ನಲ್ಲಿ ರೈಲು ಹತ್ತಿ ಸುಮಾರು ಒಂದು ಗಂಟೆಯಲ್ಲಿ ಬಂದಿಳಿಯುತ್ತಾರೆ. ಕೋಟೆ, ಚರ್ಚು, ನದಿ ಮೂರನ್ನೂ ಅರ್ಧ ದಿನದಲ್ಲಿ ಮುಗಿಸಿ ಹೊರಡುತ್ತಾರೆ. ವಿದ್ಯಾರ್ಥಿಗೆ ಆ ಅವಸರವೂ ಇಲ್ಲ, ಅಷ್ಟು ದುಡ್ಡೂ ಇಲ್ಲ. ಸೊಪ್ಪು ತರಲು ಹೋದಾಗ ಐನೂರು ವರ್ಷ ಹಳೆಯ ಗಡಿಯಾರ ಕಣ್ಣಿಗೆ ಬೀಳುತ್ತದೆ, ಬಸ್ಸು ತಪ್ಪಿ ನಡೆದು ಬರುವಾಗ ಕವಿಯೊಬ್ಬ ಬಾಳಿದ ಮನೆ ಎದುರಾಗುತ್ತದೆ. ಪರದೇಶದಲ್ಲಿ ಓದುವವರ ಪ್ರವಾಸ ದಿನದ ಕೆಲಸಗಳ ಸಂದಿಯಲ್ಲೇ ಆಗುವಂಥದ್ದು. ಊರೊಂದನ್ನು ನೋಡಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ ಎಂಬುದು ಅಲ್ಲಿ ಓದಿ ಬಂದ ನನ್ನ ಗಟ್ಟಿ ನಂಬಿಕೆ.

ಖರ್ಚಿನ ಲೆಕ್ಕವನ್ನು ಮೊದಲೇ ಹೇಳಿಬಿಡುವುದು ವಾಸಿ. ಜರ್ಮನಿಯ ವಿದ್ಯಾರ್ಥಿ ವೀಸಾಕ್ಕೆ ವರ್ಷದ ಖರ್ಚೆಂದು 11,904 ಯೂರೊವನ್ನು ಬ್ಲಾಕ್ಡ್ ಅಕೌಂಟಿನಲ್ಲಿ ಇಟ್ಟು ತೋರಿಸಬೇಕು. ಅಲ್ಲಿಗೆ ಹೋದ ಮೇಲೆ ಅದರಿಂದ ತಿಂಗಳಿಗೆ ಕೈಗೆ ಸಿಗುವುದು 992 ಯೂರೊ ಮಾತ್ರ. ಹಾಸ್ಟೆಲ್ ಬಾಡಿಗೆ, ಕಡ್ಡಾಯದ ಆರೋಗ್ಯ ವಿಮೆ, ಫೋನು ಇವೆಲ್ಲ ಹೋಗಿ ಉಳಿದದ್ದರಲ್ಲಿ ಊಟ ತಿರುಗಾಟ ಎರಡೂ ನಡೆಯಬೇಕು. ಜರ್ಮನಿಯಲ್ಲಿ ಓದು ಪುಕ್ಕಟೆ ಎಂದು ನಮ್ಮಲ್ಲಿ ಏಜೆಂಟರು ಹೇಳುವ ಮಾತು ಬಾಡೆನ್-ವುರ್ಟೆಂಬರ್ಗ್ ರಾಜ್ಯದ ಮಟ್ಟಿಗೆ ಪೂರ್ತಿ ನಿಜವಲ್ಲ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬಂದವರಿಗೆ 2017ರ ಚಳಿಗಾಲದ ಸೆಮಿಸ್ಟರಿನಿಂದ ಇಲ್ಲಿ ಸೆಮಿಸ್ಟರಿಗೆ 1,500 ಯೂರೊ ಶುಲ್ಕವಿದೆ. ಸಾಲ ಮಾಡಿ ಮಕ್ಕಳನ್ನು ಕಳಿಸುವ ಅಪ್ಪ ಅಮ್ಮಂದಿರಿಗೆ ಇದು ಮೊದಲೇ ಗೊತ್ತಿರಬೇಕು. ಓದಿನ ಜೊತೆ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಲು ಕಾನೂನಿನ ಅನುಮತಿ ಇದೆ. ಹೆಚ್ಚಿನವರು ಅದನ್ನು ಬಳಸಿಕೊಂಡೇ ದಿನ ದೂಡುತ್ತಾರೆ.

ವಾರ ಶುರುವಾಗುವುದು ಮಾರ್ಕೆಟ್ ಚೌಕದಲ್ಲಿ. ಸೋಮವಾರ, ಬುಧವಾರ, ಶುಕ್ರವಾರ ಅಲ್ಲಿ ಸಂತೆ. ಸುತ್ತಲ ಹಳ್ಳಿಯವರು ಮೂಲಂಗಿ, ಲೆಟ್ಯೂಸ್, ಹೂಗುಚ್ಛ ತಂದು ಜೋಡಿಸಿರುತ್ತಾರೆ. ಜೂನ್‌ನಲ್ಲಿ ಸ್ಟ್ರಾಬೆರಿಯದೇ ವಾಸನೆ. ಸಂತೆಯ ಹಿಂದೆ ನಿಂತಿರುವ ಪುರಭವನ 1435ರದ್ದು. ಅದರ ಮುಖದ ತುಂಬ ಇರುವ ಚಿತ್ರಗಳು 1877ರಲ್ಲಿ, ವಿಶ್ವವಿದ್ಯಾಲಯಕ್ಕೆ ನಾನೂರು ವರ್ಷ ತುಂಬಿದಾಗ ಬರೆಸಿದವು. ನೆತ್ತಿಯ ಮೇಲಿರುವ ಖಗೋಳ ಗಡಿಯಾರ 1511ರದ್ದು. ಮಾಡಿದವನು ಇದೇ ವಿಶ್ವವಿದ್ಯಾಲಯದ ಗಣಿತಜ್ಞ ಯೊಹಾನೆಸ್ ಸ್ಟೋಫ್ಲರ್. ಚಂದ್ರನ ವೃದ್ಧಿ ಕ್ಷಯ, ರಾಶಿ, ಗ್ರಹಣ ಎಲ್ಲವನ್ನೂ ತೋರಿಸುವ ಅದರ ಮುಳ್ಳುಗಳನ್ನು ಓದಲು ಕಲಿಯುವುದಕ್ಕೆ ಪ್ರವಾಸಿಗೆ ಹೊತ್ತು ಸಾಲದು. ವಾರಕ್ಕೆ ಮೂರು ಸಲ ಈರುಳ್ಳಿ ಕೊಳ್ಳುವವರು ಕ್ರಮೇಣ ಕಲಿಯುತ್ತಾರೆ.

ಊರಿನ ಜನಸಂಖ್ಯೆ ಸುಮಾರು 90,000. ಅದರಲ್ಲಿ ವಿದ್ಯಾರ್ಥಿಗಳೇ 25,000ಕ್ಕೂ ಹೆಚ್ಚು. ಎಬರ್‌ಹಾರ್ಡ್ ಎಂಬ ದೊರೆ 1477ರಲ್ಲಿ ವಿಶ್ವವಿದ್ಯಾಲಯ ಕಟ್ಟಿದ ಮೇಲೆ ಊರಿನ ಉಸಿರಾಟವೇ ಸೆಮಿಸ್ಟರಿನ ಲಯಕ್ಕೆ ಹೊಂದಿಕೊಂಡಿದೆ. ಕೆಪ್ಲರ್ ಓದಿದ್ದು ಇಲ್ಲಿ. ಹಲ್ಲುಗಾಲಿಗಳಿಂದ ಲೆಕ್ಕ ಮಾಡುವ ಯಂತ್ರವೊಂದನ್ನು 1623ರಲ್ಲಿ ರೂಪಿಸಿ ಕೆಪ್ಲರ್‌ಗೆ ಕಾಗದ ಬರೆದು ತಿಳಿಸಿದ ವಿಲ್‌ಹೆಲ್ಮ್ ಶಿಕಾರ್ಡ್ ಪಾಠ ಹೇಳಿದ್ದೂ ಇಲ್ಲೇ. ಇಂದಿನ ವಿದ್ಯಾರ್ಥಿಯ ದಿನ ಮಾತ್ರ ಬೇರೆ ಥರ. ವೇಳಾಪಟ್ಟಿಯಲ್ಲಿ ಹತ್ತು ಗಂಟೆ ಎಂದಿದ್ದರೆ ಪಾಠ ಶುರುವಾಗುವುದು ಹತ್ತೂ ಕಾಲಿಗೆ. ಆ ಕಾಲು ಗಂಟೆ ಹಳೆಯ ಕಾಲದಿಂದ ಬಂದ ಪದ್ಧತಿ, ಆದರೆ ಹತ್ತೂ ಕಾಲಿನ ಮೇಲೆ ಒಂದು ನಿಮಿಷವೂ ಇಲ್ಲ. ಪಾಠ ಮುಗಿದಾಗ ಚಪ್ಪಾಳೆ ತಟ್ಟುವುದಿಲ್ಲ, ಎಲ್ಲರೂ ಬೆರಳ ಗೆಣ್ಣಿನಿಂದ ಮೇಜು ಕುಟ್ಟುತ್ತಾರೆ. ಅಂಕದಲ್ಲಿ 1.0 ಎಂದರೆ ಅತ್ಯುತ್ತಮ, 5.0 ಎಂದರೆ ನಪಾಸು. ಇದನ್ನು ಊರಿಗೆ ಫೋನ್ ಮಾಡಿ ವಿವರಿಸುವಷ್ಟರಲ್ಲಿ ಸಾಕಾಗುತ್ತದೆ. ಹಾಜರಿ ಕೇಳದ ತರಗತಿಗಳೇ ಹೆಚ್ಚು. ಆದರೆ ವಾರವಾರವೂ ಲೆಕ್ಕದ ಹಾಳೆ ಬಂದೇ ಬರುತ್ತದೆ, ಅದನ್ನು ಬಿಡಿಸಿ ಕೊಡದಿದ್ದರೆ ಪರೀಕ್ಷೆಗೆ ಕೂರಿಸದ ವಿಷಯಗಳೂ ಇವೆ.

ಮಂಗಳವಾರ ಬೆಟ್ಟದ ಮೇಲಿನ ವಿಜ್ಞಾನ ವಿಭಾಗಗಳಲ್ಲಿ, ಅಂದರೆ ಮೋರ್ಗೆನ್‌ಸ್ಟೆಲ್ಲೆಯಲ್ಲಿ, ದಿನವೆಲ್ಲ ಪಾಠ. ಮಧ್ಯಾಹ್ನದ ಊಟ ಅಲ್ಲಿನ ಮೆನ್ಸಾದಲ್ಲಿ. ಮೆನ್ಸಾ ಎಂದರೆ ಸರ್ಕಾರದ ಸಹಾಯಧನದಲ್ಲಿ ನಡೆಯುವ ವಿದ್ಯಾರ್ಥಿ ಭೋಜನಶಾಲೆ. ಈ ಸೀಮೆಯ ಮೆಚ್ಚಿನ ಊಟ ಬೇಳೆ ಮತ್ತು ಶ್ಪೆಟ್ಸ್‌ಲೆ: ಕಂದು ಮಸೂರವನ್ನು ವಿನೆಗರ್ ಹುಳಿಯಲ್ಲಿ ಬೇಯಿಸಿ, ಗೋಧಿಹಿಟ್ಟು ಮೊಟ್ಟೆಯ ಗಿಡ್ಡ ಶಾವಿಗೆಯ ಜೊತೆ ಬಡಿಸುತ್ತಾರೆ. ಪಕ್ಕದಲ್ಲಿ ಸಾಸೇಜ್ ಇಡುವುದು ವಾಡಿಕೆ, ಬೇಡವೆಂದರೆ ಬಿಡುತ್ತಾರೆ. ಮನೆಯ ಹುಳಿಗೆ ಹಂಬಲಿಸುವ ನಾಲಿಗೆಗೆ ಮೊದಲ ತುತ್ತಿನಲ್ಲಿ ಅದು ಒಗ್ಗದಿರಬಹುದು. ಒಂದು ಚಳಿಗಾಲ ಕಳೆದ ಮೇಲೆ ಅದನ್ನೇ ಹುಡುಕಿಕೊಂಡು ಹೋಗುವವರನ್ನು ನಾನು ಬಲ್ಲೆ.

ಊರೊಳಗೆ ಕಾಫಿಯನ್ನು ಕಾಗದದ ಲೋಟದಲ್ಲಿ ಕೊಂಡರೆ ಅದರ ಮೇಲೆ ತೆರಿಗೆ ಬೀಳುತ್ತದೆ. ಒಮ್ಮೆ ಬಳಸಿ ಬಿಸಾಡುವ ಲೋಟ, ತಟ್ಟೆಗಳಿಗೆ 50 ಸೆಂಟ್, ಚಮಚ ಮುಳ್ಳುಚಮಚಗಳಿಗೆ 20 ಸೆಂಟ್. ಈ ನಗರಸಭೆ ಅದನ್ನು 2022ರ ಜನವರಿ 1ರಿಂದ ಜಾರಿಗೆ ತಂದಿತು. ಹೋಟೆಲಿನವರೊಬ್ಬರು ಕೋರ್ಟಿಗೆ ಹೋದರು. ದೇಶದ ಸಂವಿಧಾನ ನ್ಯಾಯಾಲಯ ತೆರಿಗೆ ಸರಿಯೆಂದು ನೀಡಿದ ತೀರ್ಪು 2025ರ ಜನವರಿಯಲ್ಲಿ ಹೊರಬಂತು. ಅಂಗಡಿಯವರ ಮೇಲೆ ಹಾಕಿದ ತೆರಿಗೆ ಕೊನೆಗೆ ಗಿರಾಕಿಯ ಬಿಲ್ಲಿಗೇ ಬರುತ್ತದೆ. ಹಾಗಾಗಿ ಬ್ಯಾಗಿನಲ್ಲಿ ಲೋಟ, ಡಬ್ಬಿ ಇಟ್ಟುಕೊಂಡೇ ಹೊರಡುವುದು ಅಲ್ಲಿನ ವಿದ್ಯಾರ್ಥಿಗಳಿಗೆ ರೂಢಿಯಾಗಿದೆ. ಅಮ್ಮ ಸೂಟ್‌ಕೇಸಿಗೆ ತುರುಕಿ ಕಳಿಸಿದ ಸ್ಟೀಲ್ ಡಬ್ಬಿಗೆ ಅಲ್ಲಿ ಸಿಗುವ ಮರ್ಯಾದೆ ನೋಡಬೇಕು.

ಬುಧವಾರ ಸಂಜೆಯ ನಡಿಗೆಯನ್ನು ಮಾತ್ರ ನಿಧಾನವಾಗಿ ಹೇಳಬೇಕು, ಏಕೆಂದರೆ ಕನ್ನಡಿಗರಿಗೆ ಈ ಊರಿನಲ್ಲಿ ಹಳೆಯ ನೆಂಟಸ್ತಿಕೆ ಇದೆ. ನೆಕಾರ್ ನದಿಯ ದಂಡೆಯಿಂದ ಇಳಿಜಾರಿನ ಗಲ್ಲಿ ಹತ್ತಿದರೆ ಹಳೆಯ ಆಗಸ್ಟೀನ್ ಮಠದ ಕಟ್ಟಡ ಸಿಗುತ್ತದೆ. ಅದೇ ಪ್ರಾಟೆಸ್ಟೆಂಟ್ ದೇವಶಾಸ್ತ್ರ ವಿದ್ಯಾರ್ಥಿಗಳ ನಿಲಯ. ಎಲ್ಲರೂ ಸ್ಟಿಫ್ಟ್ ಎನ್ನುತ್ತಾರೆ. ಹೋಲ್ಡರ್ಲಿನ್, ಹೆಗೆಲ್, ಶೆಲ್ಲಿಂಗ್ ಎಂಬ ಮೂವರು ಇಲ್ಲಿ ಒಂದೇ ಕೋಣೆಯಲ್ಲಿದ್ದವರು. ಮೊದಲನೆಯವನು ಜರ್ಮನ್ ಕಾವ್ಯದ ದೊಡ್ಡ ಹೆಸರಾದ, ಉಳಿದಿಬ್ಬರು ತತ್ವಶಾಸ್ತ್ರದ ದಿಕ್ಕು ಬದಲಿಸಿದರು. ಅವರ ನಂತರದ ತಲೆಮಾರಿನಲ್ಲಿ, 1830ರ ಆಸುಪಾಸಿನಲ್ಲಿ, ಇದೇ ನಿಲಯದಲ್ಲಿ ಓದಿದ ಇನ್ನಿಬ್ಬರು ನಮ್ಮ ಕರಾವಳಿಗೆ ಬಂದರು. ಒಬ್ಬರು ಹರ್ಮನ್ ಮೋಗ್ಲಿಂಗ್, ಇನ್ನೊಬ್ಬರು ಹರ್ಮನ್ ಗುಂಡರ್ಟ್. ಮೋಗ್ಲಿಂಗ್ ಮಂಗಳೂರಿಗೆ ಬಂದು 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಹಳಗನ್ನಡ, ನಡುಗನ್ನಡ ಕೃತಿಗಳನ್ನು 'ಬಿಬ್ಲಿಯೊಥೆಕಾ ಕರ್ನಾಟಿಕಾ' ಮಾಲೆಯಲ್ಲಿ ಅಚ್ಚು ಹಾಕಿಸಿದರು. ಆ ಕೆಲಸವನ್ನು ಮೆಚ್ಚಿ ಇದೇ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಗುಂಡರ್ಟ್ ತಲಶ್ಶೇರಿಯಲ್ಲಿ ನೆಲೆಸಿ ಮಲಯಾಳಂ ನಿಘಂಟು ಕಟ್ಟಿದರು. ಅವರ ಹಸ್ತಪ್ರತಿಗಳು, ಕಾಗದಪತ್ರಗಳು ಈಗ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ.

ಸ್ಟಿಫ್ಟ್‌ನಿಂದ ನಾಲ್ಕು ಹೆಜ್ಜೆ ಕೆಳಗಿಳಿದರೆ ನದಿಗೆ ಮುಖ ಮಾಡಿ ನಿಂತ ಹಳದಿ ಗೋಪುರ. ಮನಸ್ಸು ಕದಡಿದ ಹೋಲ್ಡರ್ಲಿನ್‌ನನ್ನು 1807ರಲ್ಲಿ ಬಡಗಿ ಎರ್ನ್‌ಸ್ಟ್ ತ್ಸಿಮ್ಮರ್ ತನ್ನ ಮನೆಗೆ ಕರೆತಂದ. ಕವಿ ಅಲ್ಲಿಯೇ 36 ವರ್ಷ ಬಾಳಿ, 1843ರ ಜೂನ್ 7ರಂದು ತೀರಿಕೊಂಡ. ಬಡಗಿ ಮೊದಲೇ ತೀರಿಕೊಂಡಿದ್ದ. ಆಮೇಲೆ ಅವನ ಮಗಳು ಕವಿಯನ್ನು ನೋಡಿಕೊಂಡಳು. ಬಂಧುಗಳಲ್ಲದ ಜನ, ಕವಿಯ ಕಾದಂಬರಿ ಓದಿ ಮೆಚ್ಚಿ ಶುರುಮಾಡಿದ ಆರೈಕೆಯನ್ನು ಎರಡು ತಲೆಮಾರು ಕೈಬಿಡಲಿಲ್ಲ. ಆ ಮನೆಯೊಳಗೆ ನಿಂತಾಗ ನನ್ನ ಮನಸ್ಸು ಕವಿಗಿಂತ ಹೆಚ್ಚು ಆ ಬಡಗಿಯ ಕಡೆಗೇ ಹೋಗುತ್ತದೆ. ಮೋಗ್ಲಿಂಗ್ ಇಲ್ಲಿ ಓದುತ್ತಿದ್ದಾಗ ಕವಿ ಇದೇ ಮನೆಯ ಮೇಲಂತಸ್ತಿನಲ್ಲಿದ್ದ. ಅವನು ಕಣ್ಮುಚ್ಚಿ ತಿಂಗಳು ತುಂಬುವ ಮುಂಚೆ ಮಂಗಳೂರಿನಲ್ಲಿ ಕನ್ನಡ ಪತ್ರಿಕೆ ಹೊರಬಂದಿತ್ತು. ಗೋಪುರ ಈಗ ವಸ್ತುಸಂಗ್ರಹಾಲಯ.

ಅಲ್ಲಿಂದ ಮೇಲಕ್ಕೆ, ದೊಡ್ಡ ಚರ್ಚಿನ ಎದುರಿಗೆ ಹೆಕೆನ್‌ಹೌವರ್ ಎಂಬ ಪುಸ್ತಕದಂಗಡಿ. 1895ರಲ್ಲಿ ಹದಿನೆಂಟರ ಹುಡುಗನೊಬ್ಬ ಇಲ್ಲಿ ಕೆಲಸ ಕಲಿಯಲು ಸೇರಿ ಪುಸ್ತಕ ಕಟ್ಟುತ್ತ, ಧೂಳು ಝಾಡಿಸುತ್ತ ಕೆಲವು ವರ್ಷ ಕಳೆದ. ಅವನೇ ಮುಂದೆ 'ಸಿದ್ಧಾರ್ಥ' ಬರೆದ ಹರ್ಮನ್ ಹೆಸ್ಸೆ. ಗುಂಡರ್ಟ್ ಅವನ ತಾಯಿಯ ತಂದೆ. ತಾಯಿ ಹುಟ್ಟಿದ್ದು ತಲಶ್ಶೇರಿಯಲ್ಲಿ. ಅದೇ ದಶಕದಲ್ಲಿ ಭಾರತದಿಂದ ಮರಳಿದ ಫರ್ಡಿನೆಂಡ್ ಕಿಟೆಲ್ ಇದೇ ಊರಿನಲ್ಲಿ ನೆಲೆ ನಿಂತಿದ್ದರು. ಸುಮಾರು 70,000 ಪದಗಳ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂತು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೂ ಗೌರವ ಡಾಕ್ಟರೇಟ್ ನೀಡಿತು. ಕನ್ನಡ ವ್ಯಾಕರಣದ ಅವರ ದೊಡ್ಡ ಪುಸ್ತಕ ಅಚ್ಚಾದ 1903ರಲ್ಲೇ, ಡಿಸೆಂಬರ್‌ನಲ್ಲಿ, ಅವರು ಈ ಊರಿನಲ್ಲಿ ತೀರಿಕೊಂಡರು. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಅವರ ಪ್ರತಿಮೆಯನ್ನು ದಿನಾ ದಾಟುವ ನಮಗೆ ಅವರ ಕೊನೆಗಾಲದ ಈ ಬೀದಿಗಳ ಪರಿಚಯವಿಲ್ಲ. ಅಲ್ಲಿಗೆ ಓದಲು ಹೋಗುವ ನಮ್ಮ ವಿದ್ಯಾರ್ಥಿಗಳಿಗೂ ಯಾರೂ ಇದನ್ನು ಹೇಳಿ ಕಳಿಸುವುದಿಲ್ಲ. ಹೇಳಿ ಕಳಿಸಬೇಕು. ಭಾಷೆ ಬಾರದ ಊರಿಗೆ ಹೋಗಿ, ಸಂತೆಯಲ್ಲಿ, ಬೀದಿಯಲ್ಲಿ, ನೆರೆಮನೆಯವರ ಬಾಯಲ್ಲಿ ಒಂದೊಂದೇ ಮಾತು ಹೆಕ್ಕಿ ಕಲಿಯುವ ಕಷ್ಟ ಕಿಟೆಲ್ ನಮ್ಮೂರಿನಲ್ಲಿ ಪಟ್ಟದ್ದೇ.

ಈಸ್ಟರ್ ಆಗಿ ಅರವತ್ತು ದಿನಕ್ಕೆ ಬರುವ ಗುರುವಾರ ಇಲ್ಲಿ ಸರ್ಕಾರಿ ರಜೆ. ಆ ದಿನ ನೆಕಾರ್ ಮೇಲೆ ದೋಣಿ ಪಂದ್ಯ. ಶ್ಟೋಕರ್‌ಕಾನ್ ಎಂಬ ಈ ದೋಣಿ ಚಪ್ಪಟೆ ತಳದ್ದು, ಉದ್ದನೆಯದು; ಹುಟ್ಟು ಹಾಕುವ ಹಾಗಿಲ್ಲ. ಹಿಂಭಾಗದಲ್ಲಿ ನಿಂತವನು ಎರಡಾಳಿಗೂ ಮೀರಿದ ಮರದ ಗಳವನ್ನು ನೇರವಾಗಿ ನೀರಿಗಿಳಿಸಿ, ತಳ ಸಿಕ್ಕಿದ ಕೂಡಲೇ ಮೈಭಾರವೆಲ್ಲ ಹಾಕಿ ಒತ್ತುತ್ತಾನೆ. ದೋಣಿ ಮುಂದೆ ಸರಿಯುತ್ತದೆ, ಗಳದ ತುದಿ ಕೆಸರಿನಲ್ಲಿ ಹಿಡಿದುಕೊಳ್ಳುತ್ತದೆ. ಆ ಕ್ಷಣದಲ್ಲಿ ಮಣಿಕಟ್ಟು ಸ್ವಲ್ಪ ತಿರುವಿ ಗಳ ಬಿಡಿಸಿಕೊಳ್ಳಬೇಕು. ಬಿಡಿಸಿಕೊಳ್ಳದವನು ಗಳಕ್ಕೆ ಜೋತುಬಿದ್ದು ನೀರಿನ ನಡುವೆ ಉಳಿಯುತ್ತಾನೆ, ದೋಣಿ ಜನರ ಸಮೇತ ಮುಂದೆ ಹೋಗಿರುತ್ತದೆ. ಪಂದ್ಯದ ದಿನ ವಿದ್ಯಾರ್ಥಿ ಸಂಘಗಳ ದೋಣಿಗಳು ನದಿಯ ನಡುಗಡ್ಡೆಯನ್ನು ಸುತ್ತಿ ಬರುವಾಗ ಸೇತುವೆಯ ಕಂಬದ ಬಳಿ ಒಂದರ ಮೇಲೊಂದು ಸಿಕ್ಕಿಹಾಕಿಕೊಳ್ಳುತ್ತವೆ. ನೋಡಲು ಸೇರಿದ ಸಾವಿರಾರು ಜನ ಕಾಯುವುದೂ ಆ ಜಾಗಕ್ಕಾಗಿಯೇ. ಸೋತ ತಂಡದ ಪ್ರತಿಯೊಬ್ಬರೂ ಅರ್ಧ ಲೀಟರ್ ಕಾಡ್ ಲಿವರ್ ಎಣ್ಣೆ ಕುಡಿಯಬೇಕು, ಮುಂದಿನ ವರ್ಷದ ಪಂದ್ಯ ನಡೆಸುವ ಹೊಣೆಯನ್ನೂ ಹೊರಬೇಕು. ಒಂದು ಪೈಸೆ ಖರ್ಚಿಲ್ಲದೆ ಸಿಗುವ ಇಡೀ ದಿನದ ಜಾತ್ರೆ ಇದು. ನಡುಗಡ್ಡೆಯ ಉದ್ದಕ್ಕೂ ಸುಮಾರು ಇನ್ನೂರು ವರ್ಷದ ಪ್ಲೇನ್ ಮರಗಳ ಸಾಲಿದೆ. ಅದರ ನೆರಳಿನಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚಿ ಕೂತರೆ ಸಂಜೆಯವರೆಗೆ ಏಳುವ ಮನಸ್ಸಾಗದು.

ಶುಕ್ರವಾರ ಮಧ್ಯಾಹ್ನಕ್ಕೆ ಕ್ಲಾಸು ಮುಗಿಯುತ್ತದೆ. ಕೋಟೆ ಹತ್ತಲು ಅದೇ ಹೊತ್ತು. ಹೋಗುವ ದಾರಿಯಲ್ಲಿ ಮ್ಯೂಂತ್ಸ್‌ಗಾಸ್ಸೆಯ ಒಂದು ಮನೆಯ ಮೇಲೆ ಗಯಟೆ 1797ರಲ್ಲಿ ಪ್ರಕಾಶಕ ಕೋಟ್ಟಾನ ಅತಿಥಿಯಾಗಿ ತಂಗಿದ್ದನೆಂಬ ಫಲಕವಿದೆ. ಪಕ್ಕದ ವಿದ್ಯಾರ್ಥಿ ಮನೆಯವರು, ಗಯಟೆ ವಾಂತಿ ಮಾಡಿದ್ದು ಇಲ್ಲಿ ಎಂದು ತಮ್ಮದೂ ಒಂದು ಬೋರ್ಡು ಹಾಕಿದ್ದಾರೆ. ಮೇಲೆ ಹೋಹೆನ್‌ಟ್ಯೂಬಿಂಗೆನ್ ಕೋಟೆಯೊಳಗೆ ಒಂದು ಹಳೆಯ ಅಡುಗೆಮನೆ ಇದೆ. ಕಮಾನಿನ ಚಾವಣಿ, ದಪ್ಪ ಗೋಡೆ, ಸಣ್ಣ ಕಿಟಕಿ. 1868–69ರ ಚಳಿಗಾಲದಲ್ಲಿ ಫ್ರೀಡ್ರಿಕ್ ಮೀಶರ್ ಎಂಬ 24 ವರ್ಷದ ಸ್ವಿಸ್ ವೈದ್ಯ, ಪ್ರೊಫೆಸರ್ ಹೋಪ್-ಸೈಲರ್ ಕೈಕೆಳಗೆ ಇಲ್ಲಿ ಕೆಲಸ ಮಾಡುತ್ತಿದ್ದ. ಊರಿನ ಆಸ್ಪತ್ರೆಯಿಂದ ಕೀವು ಹತ್ತಿದ ಬ್ಯಾಂಡೇಜು ತರಿಸಿ, ತೊಳೆದು, ಬಿಳಿ ರಕ್ತಕಣಗಳನ್ನು ಬೇರ್ಪಡಿಸಿ, ಅವುಗಳ ನ್ಯೂಕ್ಲಿಯಸ್‌ನಿಂದ ರಂಜಕ ಹೆಚ್ಚಿರುವ ಒಂದು ವಸ್ತು ತೆಗೆದ. ಪ್ರೊಟೀನಿನ ಗುಣ ಅದಕ್ಕಿರಲಿಲ್ಲ. ಅವನು ನ್ಯೂಕ್ಲೀನ್ ಎಂದು ಕರೆದ ಆ ವಸ್ತುವೇ ನಾವಿಂದು ಡಿಎನ್‌ಎ ಎನ್ನುವುದು. ಪ್ರೊಫೆಸರ್ ಆ ಪ್ರಯೋಗಗಳನ್ನು ತಾನೇ ಮತ್ತೆ ಮಾಡಿ ನೋಡಿ ಖಚಿತವಾದ ಮೇಲಷ್ಟೇ, 1871ರಲ್ಲಿ, ಪ್ರಕಟಣೆಗೆ ಬಿಟ್ಟರು. ಜೀವಶಾಸ್ತ್ರ ಓದುವ ಪ್ರತಿ ಮಗುವೂ ನೋಡಬೇಕಾದ ಕೋಣೆ ಇದು. ಇಷ್ಟು ದೊಡ್ಡ ಸಂಗತಿ ಇಷ್ಟು ಚಿಕ್ಕ ಜಾಗದಲ್ಲಿ ನಡೆಯಿತಲ್ಲ ಎಂಬ ಬೆರಗು ಪುಸ್ತಕ ಓದಿ ಬರುವಂಥದ್ದಲ್ಲ.

ಅದೇ ಕೋಟೆಯ ಮ್ಯೂಸಿಯಂನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದು ಕುದುರೆ. ಉದ್ದ ಐದು ಸೆಂಟಿಮೀಟರಿಗೂ ಕಡಿಮೆ, ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದು. ಮ್ಯಾಮತ್ ದಂತದಲ್ಲಿ ಕೆತ್ತಿದ್ದು, ವಯಸ್ಸು 35,000ದಿಂದ 40,000 ವರ್ಷ. ಫೋಗಲ್‌ಹೆರ್ಡ್ ಗುಹೆಯಲ್ಲಿ 1931ರಲ್ಲಿ ಸಿಕ್ಕಿತು. ಆ ಗುಹೆ 2017ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದೆ. ಕಾಲುಗಳು ಮುರಿದುಹೋಗಿವೆ. ಆದರೂ ಕತ್ತಿನ ಬಾಗು ಇದೆಯಲ್ಲ, ಅದು ಕುದುರೆಯನ್ನು ದಿನಾ ಹತ್ತಿರದಿಂದ ನೋಡಿದ ಕೈಯ ಕೆಲಸ. ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದರೆ ದಂತದ ಹೊಳಪು ಜಾಗ ಬದಲಿಸುತ್ತ ಹೋಗುತ್ತದೆ.

ಶನಿವಾರ ಮನೆವಾರ್ತೆಯ ದಿನ. ಭಾನುವಾರ ಸೂಪರ್ ಮಾರ್ಕೆಟ್ಟುಗಳಿಗೆ ಬೀಗ; ವಾರದ ವಿಶ್ರಾಂತಿಗೆ ಅಲ್ಲಿ ಸಂವಿಧಾನದ ರಕ್ಷಣೆಯೇ ಇದೆ. 1919ರ ಸಂವಿಧಾನದ ಆ ಕಲಮನ್ನು 1949ರದ್ದು ಹಾಗೇ ಉಳಿಸಿಕೊಂಡಿತು. ಹೀಗಾಗಿ ಅಕ್ಕಿ, ಹಾಲು, ಮೊಸರು ಎಲ್ಲವೂ ಶನಿವಾರವೇ ಬರಬೇಕು. ಹೋಗುವಾಗ ಚೀಲದಲ್ಲಿ ಖಾಲಿ ಬಾಟಲಿಗಳು. ಪ್ಲಾಸ್ಟಿಕ್ ಬಾಟಲಿ, ಡಬ್ಬಿಗೆ ಕೊಳ್ಳುವಾಗ ಇಟ್ಟ 25 ಸೆಂಟ್ ಠೇವಣಿ ಅಂಗಡಿಯ ಯಂತ್ರಕ್ಕೆ ಹಾಕಿದಾಗ ಚೀಟಿಯಾಗಿ ವಾಪಸು ಬರುತ್ತದೆ, ಬಿಲ್ಲಿನಲ್ಲಿ ಕಳೆಯುತ್ತದೆ. ತೊಗರಿಬೇಳೆ, ಸಾಸಿವೆ, ಇಂಗು ಬೇಕೆಂದರೆ ಏಷ್ಯನ್ ಅಂಗಡಿ. ಕರಿಬೇವು ಒಣಗಿದ್ದು ಸಿಕ್ಕರೆ ಪುಣ್ಯ. ಆಮೇಲೆ ಮೆಟ್ಟಿಲು ತೊಳೆಯುವ ಸರದಿ. ಈ ಸೀಮೆಯಲ್ಲಿ ವಠಾರದ ಮೆಟ್ಟಿಲು, ಹಜಾರ, ಮುಂದಿನ ಕಾಲುದಾರಿಗಳನ್ನು ಮನೆಗೊಂದು ವಾರದಂತೆ ಗುಡಿಸಿ ಒರೆಸಬೇಕು. ಸರದಿ ಯಾರದೋ ಅವರ ಬಾಗಿಲಿಗೆ ಪುಟ್ಟ ಫಲಕ ತೂಗುತ್ತದೆ. ಪ್ರತಿ ಮನೆಯವರೂ ವಾರವಾರ ತಮ್ಮ ಕಸ ಸಾಗಿಸಬೇಕೆಂದು 1492ರಲ್ಲಿ ಸ್ಟುಟ್‌ಗಾರ್ಟ್‌ಗೆ ಕಟ್ಟಳೆ ಮಾಡಿದ ದೊರೆ, ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಕಟ್ಟಿದ ಅದೇ ಎಬರ್‌ಹಾರ್ಡ್. ಈ ಪದ್ಧತಿಯ ಬೇರನ್ನು ಅಲ್ಲಿಗೆ ಒಯ್ಯುವುದುಂಟು. ನಮ್ಮ ಕೆಳಗಿನ ಮನೆಯ ಅಜ್ಜಿ ಮೊದಲ ವಾರ ಪೊರಕೆ ನನ್ನ ಕೈಯಿಂದ ತೆಗೆದುಕೊಂಡು, "ಮೂಲೆಯಿಂದ ಈಚೆಗೆ ಎಳೀಬೇಕಮ್ಮಾ, ಮೂಲೆಗೆ ತಳ್ಳಬಾರದು" ಎಂದು ಗುಡಿಸಿ ತೋರಿಸಿದರು. ಆಮೇಲೆ ಆ ಮೆಟ್ಟಿಲ ಮೇಲೆಯೇ ನನ್ನ ಜರ್ಮನ್ ಸುಧಾರಿಸಿತು. ತರಗತಿಯಲ್ಲಿ ಕಲಿತದ್ದು ಶುದ್ಧ ಜರ್ಮನ್, ಅಜ್ಜಿಯದು ಶ್ವಾಬಿಯನ್ ಆಡುಮಾತು. ಬಸ್ ಡ್ರೈವರು, ಸಂತೆಯವರು ಆಡುವುದು ಎರಡನೆಯದನ್ನೇ.

ಅಂಗಡಿ ಮುಚ್ಚಿದ ಭಾನುವಾರ ಕಾಡಿಗೆ ಹೋಗುವುದು ಊರಿಗೆ ಊರೇ ಪಾಲಿಸುವ ರೂಢಿ. ಉತ್ತರಕ್ಕೆ ಐದಾರು ಕಿಲೋಮೀಟರ್ ನಡೆದರೆ ಶೋನ್‌ಬುಖ್ ಕಾಡಿನ ಅಂಚಿನಲ್ಲಿ ಬೇಬೆನ್‌ಹೌಸೆನ್ ಮಠ. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಕಟ್ಟಿದ್ದು; ಸಿಸ್ಟರ್ಶಿಯನ್ ಪಂಥದ ಸನ್ಯಾಸಿಗಳು ಇಲ್ಲಿ ಮೌನವಾಗಿ ದುಡಿದು ಬದುಕಿದರು. ಇಡೀ ಮಠದಲ್ಲಿ ಅವರು ಮೈ ಕಾಯಿಸಿಕೊಳ್ಳಲು ಇದ್ದದ್ದು ಕೆಳಗೆ ಬೆಂಕಿ ಹಾಕಿ ಬಿಸಿ ಮಾಡುವ ಒಂದೇ ಕೋಣೆ. ಚಳಿಗಾಲ ಕಂಡು ಬಂದವರಿಗೆ ಆ ಕೋಣೆಯ ಬೆಲೆ ಗೊತ್ತಾಗುತ್ತದೆ. ವುರ್ಟೆಂಬರ್ಗ್‌ನ ಕೊನೆಯ ರಾಜ ಎರಡನೆಯ ವಿಲ್‌ಹೆಲ್ಮ್ 1918ರಲ್ಲಿ ಪಟ್ಟ ಬಿಟ್ಟು ಇಲ್ಲಿಗೆ ಬಂದು 1921ರಲ್ಲಿ ತೀರಿಕೊಂಡ. ಎರಡನೆಯ ಮಹಾಯುದ್ಧದ ಬಳಿಕ, ಈ ಪ್ರದೇಶ ಪ್ರತ್ಯೇಕ ರಾಜ್ಯವಾಗಿದ್ದ ಕೆಲವು ವರ್ಷ, ಶಾಸನಸಭೆ ಕೂಡುತ್ತಿದ್ದುದು ಈ ಮಠದಲ್ಲಿಯೇ. 1952ರಲ್ಲಿ ಬಾಡೆನ್-ವುರ್ಟೆಂಬರ್ಗ್ ರಚನೆಯಾದಾಗ ಅದೂ ಮುಗಿಯಿತು. ಸನ್ಯಾಸಿಗಳು, ರಾಜ, ಶಾಸಕರು ಒಬ್ಬರಾದ ಮೇಲೊಬ್ಬರು ಬಳಸಿದ ಜಾಗ ಇದು; ಹೊರಗಿನ ಮೂಲಿಕೆ ತೋಟದಲ್ಲಿ ಈಗಲೂ ಲ್ಯಾವೆಂಡರ್ ಬೆಳೆಯುತ್ತಾರೆ.

ಮರಳಿ ಬರುವಷ್ಟರಲ್ಲಿ ಸಂಜೆ ಆರು. ಬೇಸಿಗೆಯಲ್ಲಿ ಭಾರತ ಮೂರೂವರೆ ಗಂಟೆ ಮುಂದೆ, ಹಾಗಾಗಿ ಊರಿನಲ್ಲಿ ಊಟ ಮುಗಿದ ಒಂಬತ್ತೂವರೆ. ಮನೆಯವರೊಡನೆ ಮಾತಾಡಲು ಇದೇ ತಕ್ಕ ಹೊತ್ತು. ಇನ್ನು ತಡವಾದರೆ ಅಪ್ಪ ಮಲಗಿಬಿಡುತ್ತಾರೆ. ಫೋನ್ ಇಟ್ಟ ಮೇಲೆ ಲೆಕ್ಕದ ಹಾಳೆ ಕಾದಿರುತ್ತದೆ, ಸೋಮವಾರ ಬೆಳಗ್ಗೆಯೊಳಗೆ ಕೊಡಬೇಕು. ನೋಡಬೇಕಾದ್ದು ಇನ್ನೂ ಬಹಳ ಉಳಿದಿದೆ: ಹೆಖಿಂಗೆನ್ ಬಳಿಯ ಹೋಹೆನ್‌ಟ್ಸೊಲರ್ನ್ ಕೋಟೆ, ಕಾದಂಬರಿಯೊಂದನ್ನು ಓದಿ ಮೆಚ್ಚಿದ ಶ್ರೀಮಂತ ಕಟ್ಟಿಸಿದ ಕೋಟೆ ಲಿಖ್ಟೆನ್‌ಸ್ಟೈನ್, 161 ಮೀಟರ್ ಎತ್ತರದ ಉಲ್ಮ್ ಚರ್ಚಿನ ಗೋಪುರ. ಎಲ್ಲಕ್ಕೂ ದೇಶವಿಡೀ ಲೋಕಲ್ ರೈಲು, ಬಸ್ಸುಗಳಲ್ಲಿ ನಡೆಯುವ ತಿಂಗಳ ಟಿಕೆಟ್ ಸಾಕು. 2023ರ ಮೇನಲ್ಲಿ 49 ಯೂರೊಗೆ ಶುರುವಾದ ಅದರ ದರ ಆಮೇಲೆ ಏರಿದ್ದರೂ ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆ. ಬೇಸಿಗೆಯ ಪಾಠಗಳು ಜುಲೈ ಕೊನೆಗೆ ಮುಗಿಯುತ್ತವೆ, ಅದರ ಬೆನ್ನಿಗೇ ಪರೀಕ್ಷೆ. ಉಲ್ಮ್‌ಗೆ ಹೋಗುವುದಾದರೆ ಅಷ್ಟರೊಳಗಿನ ಭಾನುವಾರವೊಂದನ್ನು ಈಗಲೇ ಗೊತ್ತುಮಾಡಿಕೊಳ್ಳಬೇಕು.